ತೋಳಿನ ಮೇಲಿನ ಚೌಕ

ಮಾರ್ಚಿನ ಮೊದಲ ಶನಿವಾರ. ಹಿಮ ಇನ್ನೂ ಕರಗಿರಲಿಲ್ಲ;
ಗಣಿಯ ಮಸಿ ಕೂತು ನಮ್ಮೂರಿನ ಹಿಮವೂ ಬೂದಿ ಬಣ್ಣ.
ಇಪ್ಪತ್ತಾರು ವರ್ಷದ ಮೇಲೆ ಮೇಲಿನ ಲೀಗಿಗೆ ಹತ್ತಿದ್ದೆವು.
ಮೇಯರ್ ಭಾಷಣ ಮಾಡಿದ, ಪಾದ್ರಿ ಗೋಲಿನ ಕಂಬಕ್ಕೆ ತೀರ್ಥ ಚಿಮುಕಿಸಿದ,
ನನಗೊಂದು ಹೊಸ ವಾಷಿಂಗ್ ಮಷೀನ್ ಎಂದರು.
ನಾಲ್ಕು-ಸೊನ್ನೆ ಸೋತೆವು.
ಮಷೀನಿನ ಮಾತು ಯಾರೂ ಮತ್ತೆ ಎತ್ತಲಿಲ್ಲ.

ನಾನು ಎತೇರಿ, ಅಂಗಿ ಒಗೆಯುವವಳು.
ಪಂದ್ಯ ನೋಡುವುದಿಲ್ಲ. ಮೆಟ್ಟಿಲುಸಾಲಿನ ಕೆಳಗಿನ ಈ ಕೋಣೆಗೆ
ಕಿಟಕಿ ಇರುವುದು ನದಿಯ ಕಡೆಗೆ.
ತಲೆಯ ಮೇಲೆ ಹಲಗೆ ಗುಡುಗಿದರೆ ಗೋಲು ನಮ್ಮದು,
ಗುಡುಗದೆ ಒಬ್ಬನೇ ಒಬ್ಬ ಬೈದರೆ ಅವರದು.
ಮಿಕ್ಕದ್ದನ್ನು ಬಕೆಟ್ಟಿನಲ್ಲಿ ಓದಿಕೊಳ್ಳುತ್ತೇನೆ.

ಒಂದೊಂದು ಊರಿನ ಕೊಳೆಗೆ ಒಂದೊಂದು ಹಟ.
ಪೋತಿಯ ಬಂದರಿನ ಕೆಸರು ನೀರು ಕಂಡೊಡನೆ ಬಿಡುತ್ತದೆ,
ಕುತೈಸಿಯ ಜೇಡಿ ಮೂರು ನೀರಿಗೂ ಕದಲುವುದಿಲ್ಲ.
ತಿಬಿಲಿಸಿಯದು ಪ್ಲಾಸ್ಟಿಕ್ ಹುಲ್ಲು;
ಕಾಲುಚೀಲ ಕೊಡವಿದರೆ ಕರಿ ರಬ್ಬರಿನ ಕಾಳು
ಸಾಸಿವೆಯ ಹಾಗೆ ಉದುರುತ್ತದೆ.
ನಮ್ಮ ಮೈದಾನದ ಮ್ಯಾಂಗನೀಸಿನ ಕಪ್ಪು ಯಾವ ಸೋಪಿಗೂ ಹೋಗದು.
ಅದನ್ನು ನಾನು ಕೊಳೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊಳೆಯಾಗದ ಅಂಗಿ ತಂದವರನ್ನು ಮಾತಾಡಿಸುವುದೂ ಇಲ್ಲ.
ಒಂಬತ್ತನೆಯ ನಂಬರಿನ ತೈಮುರಾಜ್ ಏಪ್ರಿಲ್ ಪೂರ್ತಿ
ಕೊಟ್ಟ ಇಸ್ತ್ರಿ ಕೆಡದ ಹಾಗೆ ತಂದಿಟ್ಟ.
"ಭಾನುವಾರ ಚರ್ಚಿಗೂ ಇದನ್ನೇ ಹಾಕ್ಕೊಂಡು ಹೋಗು" ಎಂದೆ.

ಘಾನಾದ ಹುಡುಗ ಕ್ವಾಬೆನಾ
ಮಣ್ಣನ್ನೇ ಉಟ್ಟು ಬರುತ್ತಿದ್ದ.
ಹೆದರಿದಾಗ ಬಲತೋಳಿನ ಅಂಚು ಕಚ್ಚುವ ಚಾಳಿ ಅವನಿಗೆ.
ವಾರಕ್ಕೊಮ್ಮೆ ಅದೇ ಅಂಚು ಹೊಲಿದೆ, ವಾರಕ್ಕೊಮ್ಮೆ ಅದೇ ಬೈಗಳು;
ನನ್ನ ಭಾಷೆ ಅವನಿಗೆ ಬರಲಿಲ್ಲ, ಬೈಗಳು ಬಂತು.
ಮೇ ತಿಂಗಳಲ್ಲಿ ಆರು ಗೋಲು ಹೊಡೆದ. ಹಲಗೆ ಗುಡುಗಿ ಗುಡುಗಿ
ಸೂರಿನ ಗಾರೆ ನನ್ನ ಸೋಪಿನ ನೀರಿಗೆ ಬಿತ್ತು.
ಏಳನೆಯ ಸ್ಥಾನ! ಬೇಕರಿಯ ನೂಗ್ಜಾರ್
ಅಂಕಪಟ್ಟಿ ಕತ್ತರಿಸಿ ಗಾಜಿಗೆ ಅಂಟಿಸಿದ.

ಜುಲೈಯಲ್ಲಿ ಬತೂಮಿಯವರು ಹುಡುಗನನ್ನು ಕೊಂಡರು.
ಆ ದುಡ್ಡಿನಲ್ಲಿ ಮೂರು ತಿಂಗಳ ಸಂಬಳದ ಬಾಕಿ ತೀರಿತು.
ನನ್ನದೂ ತೀರಿತು.
ಎಣಿಸಿಯೇ ತೆಗೆದುಕೊಂಡೆ.

ಆಮೇಲಿನದೆಲ್ಲ ಇಳಿಜಾರು.
ಆಗಸ್ಟಿನಲ್ಲಿ ಬೆವರಿನ ಬಿಳಿ ಗೆರೆ, ಸೆಪ್ಟೆಂಬರಿನಲ್ಲಿ ರಕ್ತ.
ರಕ್ತಕ್ಕೆ ತಣ್ಣೀರು; ಬಿಸಿ ತಾಕಿದರೆ ಕಲೆ ಕೂತುಬಿಡುತ್ತದೆ.
ಹುಡುಗರ ಮೇಲೆ ಕಿರುಚುತ್ತಿದ್ದ ಕೋಚಿಗೂ
ಇದನ್ನೇ ಹೇಳಿದೆ. ಅವನು ಬಟ್ಟೆಯ ಮಾತು ಅಂದುಕೊಂಡ.

ಅಕ್ಟೋಬರಿನ ಒಂದು ರಾತ್ರಿ ತಲೆಯ ಮೇಲೆ ಸದ್ದೇ ಇಲ್ಲ.
ಅಂದು ಬೈಯುವವನೂ ಸುಮ್ಮನಿದ್ದ.
ನಮ್ಮ ದ್ರಾಕ್ಷಾರಸ ಬಣ್ಣದ ರಾಶಿಯಲ್ಲಿ ಒಂದು ನೀಲಿ ಅಂಗಿ,
ಯಾರೋ ಎದುರಾಳಿಯ ಜೊತೆ ಬದಲಿಸಿಕೊಂಡದ್ದು.
ಪರರ ಕೊಳೆ ನನಗೇಕೆಂದು ಎಸೆಯಹೋದವಳು
ಬಲತೋಳು ಕಂಡೆ: ಅಂಚು ಕಚ್ಚಿ ಕಚ್ಚಿ ಜಾಲರಿ.
ಅಲ್ಲಿ ಹೊಲಿಯುವವರಿಲ್ಲವೇನೋ.
ನಮ್ಮ ಮೇಲೆ ಎರಡು ಹೊಡೆದನಂತೆ, ಎರಡಕ್ಕೂ ಕೈ ಎತ್ತಲಿಲ್ಲವಂತೆ.
ಬಣ್ಣ ಬಿಟ್ಟೀತೆಂದು ಬೇರೆ ಬಕೆಟ್ಟಿನಲ್ಲಿ ನೆನೆಸಿದೆ.
ಹೊಲಿದೆ. ಬೈದೆ ಕೂಡ.

ಡಿಸೆಂಬರಿನ ಕೊನೆಯ ಪಂದ್ಯಕ್ಕೆ ಡ್ರಾ ಸಾಕಿತ್ತು.
ಎಂಬತ್ತೊಂಬತ್ತನೆಯ ನಿಮಿಷದವರೆಗೂ ಇತ್ತು.
ಆಮೇಲೆ, ಮೇಲೆ, ಒಬ್ಬನೇ ಒಬ್ಬ ಬೈದ.
ಗೋಲಿ ಅನ್ಜೋರ್ ತನ್ನ ಅಂಗಿ ತಾನೇ ಹಿಡಿದು ಕೆಳಗೆ ಬಂದ:
"ಇದನ್ನ ಒಗೀಬೇಡ, ಎತೇರಿ ಚಿಕ್ಕಮ್ಮ."
ಒಗೆದೆ.

ಈಗ ಜನವರಿ. ಕೆಳಗಿನ ಲೀಗಿಗೂ ಇವೇ ಅಂಗಿ, ಹೊಸತಕ್ಕೆ ದುಡ್ಡಿಲ್ಲ.
ತೋಳಿನ ಮೇಲಿನ ಲೀಗಿನ ಮುದ್ರೆ ಬಿಚ್ಚಬೇಕೆಂದು ಅಪ್ಪಣೆ.
ಒಲೆಯ ಪಕ್ಕ ಕೂತು ಬ್ಲೇಡಿನ ತುದಿಯಿಂದ
ಒಂದೊಂದೇ ಹೊಲಿಗೆ ಕೀಳುತ್ತಿದ್ದೇನೆ.
ಮೂವತ್ತಾರು ಪಂದ್ಯದ ಒಗೆತಕ್ಕೆ ಮಾಸಿ ಮಾಸಿ
ಅಂಗಿಯ ಮೈಯೆಲ್ಲ ಹಳೆಯ ಇಟ್ಟಿಗೆ.
ಮುದ್ರೆ ಎದ್ದಲ್ಲಿ ಒಂದು ಚೌಕ,
ಬಿಸಿಲು ತಾಕದೆ ಉಳಿದ
ಮಾರ್ಚಿನ ಅದೇ ಕಡುಗೆಂಪು.

ಏಳು ಆಯಿತು. ಇನ್ನೂ ಹದಿನೈದಿವೆ.