ಮೂರು ನಿಮಿಷ

ವಜ್ರೇಶ್ವರಿ, ಆ ಗಂಟೆ ಇನ್ನೂ ಬಾರಿಸಬೇಡ.
ಒಬ್ಬೊಬ್ಬರಿಗೆ ಮೂರೇ ನಿಮಿಷ ಅಂತ ನೀನಂದಾಗ
ನನಗೆ ನಗು ಬಂತು.
ಹದಿನೆಂಟು ವರ್ಷ ಕಂಡವರ ಮೂರು ನಿಮಿಷ ಎಣಿಸಿದವಳು ನಾನು,
ಟ್ರಂಕ್ ಎಕ್ಸ್‌ಚೇಂಜಿನಲ್ಲಿ,
ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ತೂತು ತೂತಿನ ಹಲಗೆ.
ಮಾತಾಡಿ, ಲೈನಲ್ಲಿದ್ದಾರೆ.
ಟೈಮಾಯಿತು, ಮುಂದುವರಿಸ್ತೀರಾ?
ಅಳುತ್ತಿದ್ದವರನ್ನೂ ಕೇಳಿದ್ದೇನೆ.

ಬನಶಂಕರಿ. ಹಾಜರಿಯಲ್ಲಿ ಒಂಬತ್ತನೆಯವಳು.
ಕಿಟಕಿ ಪಕ್ಕದ ಬೆಂಚು, ಎಸ್ತರ್‌ಗೂ ಗುಲ್ನಾರ್‌ಗೂ ನಡುವೆ.
ಗುಲ್ನಾರ್ ಹೋದ ಚಳಿಗಾಲದಲ್ಲೇ ತೀರಿಕೊಂಡಳಂತೆ.
ಈಗ, ಇಲ್ಲಿಗೆ ಹತ್ತಿ ಬರುವಾಗ, ಮೆಟ್ಟಿಲ ಮೇಲೆ ಗೊತ್ತಾಯಿತು.
ಅವಳ ಕೈವಾರ ನನ್ನಲ್ಲೇ ಉಳಿದಿತ್ತು.
ಇವತ್ತು ಕೊಡೋಣ ಅಂತ ತಂದೆ, ಬ್ಯಾಗಲ್ಲಿದೆ.

ಮದುವೆ ತಡವಾಯಿತು.
ರಾತ್ರಿ ಪಾಳಿಯ ಹುಡುಗಿ ಅಂದರೆ
ಉಪ್ಪಿಟ್ಟು ಮುಗಿಸಿ, ಕೈ ತೊಳೆದು,
ಕಾಗದ ಬರೀತೀವಿ ಅನ್ನುವವರು.
ನಿಜವಾಗಿ ಬರೆದವರೂ ಒಬ್ಬರಿದ್ದರು. ಕಾಗುಣಿತ ತಪ್ಪಿತ್ತು.

ಮೂವತ್ತೊಂದಕ್ಕೆ ಚನ್ನಚೌಡಯ್ಯ ಬಂದರು.
ಕಬ್ಬನ್‌ಪೇಟೆಯ ಓಣಿ, ನಾಲ್ಕು ಪವರ್‌ಲೂಮು,
ಗೋಡೆಯಲ್ಲಿ ಮೊದಲ ಹೆಂಡತಿಯ ಫೋಟೋ,
ಆರು ವರ್ಷದ ಹುಡುಗ.
ಅವರು ಕೇಳಿದ್ದು ಒಂದೇ:
ಪಾಳಿ ಮುಗಿಸಿ ಬಂದರೆ ಈ ಸದ್ದಲ್ಲಿ ನಿಮಗೆ ನಿದ್ದೆ ಬರುತ್ತಾ?
ನನ್ನ ನಿದ್ದೆಯ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ.
ಬರುತ್ತೆ ಅಂದೆ. ಸುಳ್ಳು.
ಎರಡು ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದೆ.
ಆಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ
ಎಚ್ಚರವಾಗತೊಡಗಿತು.

ಹುಡುಗ, ಉದಯ, ನನ್ನನ್ನು ಏನಂತಲೂ ಕರೆಯುತ್ತಿರಲಿಲ್ಲ.
ಬಾಗಿಲಲ್ಲಿ ನಿಂತು ಕೆಮ್ಮುವನು, ಊಟ ಅನ್ನುವನು.
ನಾನೂ ಕೇಳಲಿಲ್ಲ.
ಲೈನ್ ಸಿಗದಿದ್ದರೆ ಕಾಯಬೇಕು, ನನ್ನ ಕಸುಬೇ ಅದು.

ಐದನೇ ಕ್ಲಾಸಲ್ಲಿ ಶಾಲೆಯವರು ಹಂಪಿಗೆ ಕರೆದೊಯ್ದರು.
ರಾತ್ರಿ ಒಂಬತ್ತೂವರೆ. ಹೊಸಪೇಟೆಯ ಆಪರೇಟರು,
ಸದಾ ನೆಗಡಿಯ ದನಿ, ಮುಖ ಇವತ್ತಿಗೂ ನೋಡಿಲ್ಲ,
ಬೆಂಗಳೂರು, ಒಂದು ಪಿ.ಪಿ. ಕಾಲ್ ಇದೆ ಅಂದ.
ಹುಡುಗನಿಗೆ ಜ್ವರ, ಮೇಷ್ಟ್ರು ಜೊತೆಗಿದ್ದಾರೆ.
ಯಾರು ಬೇಕು ಅಂದರೆ ಹೆಸರು ಹೇಳ್ತಿಲ್ಲ ಮೇಡಂ,
ಅಮ್ಮ ಅಂತಾನೆ. ನಿಮ್ಮ ಎಕ್ಸ್‌ಚೇಂಜಲ್ಲೇ ಇರ್ತಾರಂತೆ.
ಅಲ್ಲಿ ಅಮ್ಮ ಅಂತ ಯಾರಾದರೂ ಇದ್ದಾರಾ?

ಆ ಪಾಳಿಯಲ್ಲಿ ಹದಿನಾಲ್ಕು ಜನ ಹೆಂಗಸರಿದ್ದೆವು.
ಕೊಡಿ ಅಂದೆ.
ಚೀಟಿಯಲ್ಲಿ ಸಮಯ ಬರೆಯುವುದೇ ಮರೆತೆ.
ಮರುದಿನ ಮೆಮೊ ಬಂತು. ಇಟ್ಟುಕೊಂಡಿದ್ದೇನೆ.

ಈಗ ಅವನಿಗೆ ಎಸ್.ಪಿ. ರೋಡಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ.
ಮಧ್ಯಾಹ್ನ ಬರುತ್ತಾನೆ, ಉಪ್ಪು ಕಡಿಮೆ ಅನ್ನುತ್ತಾನೆ, ಹೋಗುತ್ತಾನೆ.
ಸೊಸೆಗೂ ನನಗೂ ಅಷ್ಟಕ್ಕಷ್ಟೆ.
ಮೊಮ್ಮಗಳು ಇಬ್ಬರನ್ನೂ ಆಳುತ್ತಾಳೆ.
ಮಗ್ಗ ಮಾರಿದೆವು, ಕೆಳಗೆ ಪ್ಲಾಸ್ಟಿಕ್ ಹೂವಿನ ಗೋಡೌನು.
ಅಷ್ಟರಲ್ಲಿ ಆ ಸದ್ದು ಇವರ ಕಿವಿ ತಿಂದಾಗಿತ್ತು.
ಕಿವಿಯ ಮಷೀನನ್ನು ಸಂಜೆ ಏಳಕ್ಕೆ ತೆಗೆದು ಡಬ್ಬಿಯಲ್ಲಿಡುತ್ತಾರೆ.
ಆಮೇಲೆ ನಮ್ಮ ಮನೆಯಲ್ಲಿ ಮಾತಿಲ್ಲ.

ಜಗಳ ಅಂದುಕೊಳ್ಳಬೇಡಿ.
ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿರುತ್ತೇವೆ.
ಹುಳುಕು ಅವರಿಗೆ ಕಾಣದು,
ಅವರ ತಟ್ಟೆಯಿಂದ ನಾನು ಸುಮ್ಮನೆ ಆರಿಸಿ ತೆಗೆಯುತ್ತೇನೆ.
ಏನಾದರೂ ಬೇಕಾದರೆ ಮೊಣಕೈ ಮೇಲೆ ಎರಡು ಸಲ ತಟ್ಟುತ್ತೇನೆ,
ಎದ್ದು ಹೋಗಿ ನೀರು ತರುತ್ತಾರೆ.
ಕೆಲವು ಸಲ ನನಗೆ ನೀರು ಬೇಕಿರುವುದಿಲ್ಲ.
ಕುಡಿಯುತ್ತೇನೆ.

ಎಸ್ತರ್, ಯಾಕೆ ಕಣ್ಣೊರೆಸಿಕೊಳ್ತೀಯ? ನನ್ನದು ಚೆನ್ನಾಗೇ ಇದೆ.
ಇನ್ನೊಂದು ಹೇಳುವುದಿತ್ತು, ಡಾಕ್ಟರು ಅಂದದ್ದು, ಬೇಡ ಬಿಡಿ,
ಹೊರಗೆ ಬೋಂಡ ಆರುತ್ತಿದೆ.

ಬಾರಿಸಿಬಿಟ್ಟೆಯಾ ವಜ್ರೇಶ್ವರಿ?
ಸರಿ. ತಗೋ ಪದ್ಮಾಕ್ಷಿ, ಮೈಕು.
ಮಾತಾಡು, ಎಲ್ಲ ಲೈನಲ್ಲಿದ್ದೇವೆ.