ತೊಡೆಗೂ ಒಂದು ಕತ್ತು

ಫಹಾಹೀಲ್‌ನ ಕಡಲ ಬದಿಯ ಕ್ಲಿನಿಕ್ಕು, ರಾತ್ರಿ ಹನ್ನೊಂದೂಕಾಲು.
ಹೊರಗೆ ಜುಲೈ; ಗಾಜಿನ ಆಚೆ ಮಗ್ಗುಲಿಗೆ ಬೆವರು.
ಒಳಗೆ ಎಕ್ಸ್‌ರೇ ಟೇಬಲ್ಲು ಐಸಿಗೆ ಹಾಕಿದ ಮೀನಿನಷ್ಟು ತಣ್ಣಗೆ.
ಕುತ್ತಿಗೆಗೆ ಸೀಟಿ, ಭುಜಕ್ಕೆ ಕಂಪನಿಯ ಹದ್ದು,
ಮೌಲಾಲಿ ನದಾಫ, ಮೂವತ್ತೆರಡು, ಮಾಲ್‌ನ ಕಾವಲು,
ನಡೆದು ಬಂದ. ನಡೆಯಬಾರದಿತ್ತು.

ನನ್ನ ಬಿಲ್ಲೆಯ ಮೇಲೆ ಫ್ಲೇವಿಯಾ ಡಿಸಿಲ್ವ ಅಂತ ಓದಿ,
"ಮಂಗಳೂರೇನ್ರಿ ಅಕ್ಕಾರ?" ಅಂದ. ಆಮೇಲೆ,
"ನೋವು ಮೊಣಕಾಲಾಗ ಐತ್ರಿ."
ಬಹಳ ಜನ ಹಾಗೇ ಅನ್ನುತ್ತಾರೆ. ಸೊಂಟದ ಕೀಲು
ತನ್ನ ದೂರನ್ನು ತಾನು ಹೇಳದೆ
ಮೊಣಕಾಲಿನ ಕೈಲಿ ಹೇಳಿ ಕಳಿಸುತ್ತದೆ,
ಆರು ಮಂಚದ ಕೋಣೆಯಿಂದ ಮನೆಗೆ ಫೋನು ಮಾಡುವವನು
ಜ್ವರ ಪಕ್ಕದವನಿಗೆ ಅಂದಂತೆ.

ಪಾದ ಒಳಕ್ಕೆ ತಿರುಗಿಸು, ಹದಿನೈದು ಡಿಗ್ರಿ.
ಬಲದ್ದು ತಿರುಗಿತು. ಎಡದ್ದು ಹೊಸ್ತಿಲವರೆಗೆ ಬಂದು ನಿಂತಿತು.
"ಮೊದಲಿಂದ ಹಿಂಗ ರೀ. ಸಾಲ್ಯಾಗ ನನಗ
ಮುಕ್ಕಾಲು ಅಂತಿದ್ರು."
ನಕ್ಕ. ನಕ್ಕಾಗ ಅಲುಗಿದ. ಅಲುಗಿದ್ದಕ್ಕೆ ನಗು ನಿಂತಿತು.
ಉಸಿರು ಹಿಡಿ ಅಂದೆ. ಹಿಡಿದ.
ಬಿಡು ಅನ್ನಲು ಮರೆತೆ,

ತೆರೆಯ ಮೇಲೆ ಅದು ಬಂದಿತ್ತು.

ತೊಡೆಮೂಳೆಗೂ ಒಂದು ಕತ್ತಿದೆ.
ಮೇಲೆ ಬಟ್ಟಲಲ್ಲಿ ಕೂತ ಗುಂಡು ತಲೆ, ಕೆಳಗೆ ಉದ್ದನೆ ದಿಂಡು,
ನಡುವೆ ಓರೆಯಾಗಿ ಗಿಡ್ಡನೆ ಕತ್ತು.
ನಿಮ್ಮಲ್ಲಿ ನನ್ನಲ್ಲಿ ಅದು ನೂರಿಪ್ಪತ್ತೆಂಟರ ಆಸುಪಾಸು ತಲೆಯೆತ್ತಿರುತ್ತದೆ.
ಇವನದು ನೂರಾ ಎಂಟು.
ಸಲಾಮಿಗೆ ಬಗ್ಗಿ ಹಾಗೇ ಉಳಿದಂತೆ.
ಬಗ್ಗಿದಲ್ಲಿ, ಕೆಳ ಅಂಚಿಗೆ, ಬೆಳ್ಳನೆ ಮಸುಕು;
ಮಸುಕಿನೊಳಗೆ ಕಪ್ಪು ಕೂದಲೆಳೆ.

ಬಿದ್ದಿಲ್ಲ. ಯಾರೂ ಹೊಡೆದಿಲ್ಲ. ಕಾರು ಗುದ್ದಿಲ್ಲ.
ಹನ್ನೆರಡು ತಾಸು ಅಮೃತಶಿಲೆ, ಕೂರಬಾರದೆಂಬ ನೇಮ
(ಕುರ್ಚಿಗಳಿವೆ, ಗಿರಾಕಿಗಳಿಗೆ),
ರಂಜಾನಿನಿಂದೀಚೆ ರಜೆಯಿಲ್ಲ.
ನಡೆದಷ್ಟೂ ಎಲುಬು ಚೂರು ಚೂರೇ ಸವೆಯುತ್ತದೆ,
ಮಲಗಿದಾಗ ಚೂರು ಚೂರೇ ಕಟ್ಟಿಕೊಳ್ಳುತ್ತದೆ.
ಕಟ್ಟಲು ರಾತ್ರಿ ಸಾಲಲಿಲ್ಲ. ಇಷ್ಟೇ.

ಬಾಗಿಲಲ್ಲಿ ಕಂಪನಿಯ ಮನುಷ್ಯ, ಕೈಯಲ್ಲಿ ವಿಮೆಯ ಹಾಳೆ.
ಸುಂಕದ ಕಟ್ಟೆಯವನ ಹಾಗೆ ಅವನದೊಂದೇ ಪ್ರಶ್ನೆ:
ಊರಿಂದ ತಂದದ್ದೋ, ಇಲ್ಲಿ ಕೊಂಡದ್ದೋ?

ತಂದ. ಮೂವತ್ತು ಕಿಲೋದ ಒಳಗೆ
ಶೇಂಗಾ ಚಟ್ನಿ, ಕಟಕ ರೊಟ್ಟಿ, ಅವ್ವ ಹೊಲಿದ ಕೌದಿ,
ತಕ್ಕಡಿಗೆ ಸಿಗದ ಇಪ್ಪತ್ತು ಡಿಗ್ರಿ ಬಾಗು.
ವೀಸಾಕ್ಕೆ ಮೊದಲು ಮುಂಬಯಿಯಲ್ಲಿ ಎದೆಯ ಫೋಟೋ ತೆಗೆದರು,
ರಕ್ತ ತೆಗೆದರು, ನಾಲಗೆ ನೋಡಿದರು;
ನಾಲ್ಕು ಹೆಜ್ಜೆ ನಡೆ ನೋಡೋಣ ಅಂತ ಒಬ್ಬರೂ ಅನ್ನಲಿಲ್ಲ.
ಕೊಂಡದ್ದಾದರೆ ರಶೀತಿ ಎಲ್ಲಿ?

ವರದಿ ಬರೆಯುವವಳು ನಾನಲ್ಲ, ಅದು ಬೆಳಗಿನ ಡಾಕ್ಟರ ಕೆಲಸ.
ಎಡ ಯಾವುದು ಬಲ ಯಾವುದು ಅಂತ
ಸೀಸದ ಅಕ್ಷರ ಇಡುವುದು ನನ್ನದು.
ಆದರೂ ಹಳೆಯ ಕಡತ ತೆರೆದೆ.
ಮೂರು ವಾರದ ಹಿಂದೆ ಇದೇ ಟೇಬಲ್ಲು, ಇದೇ ಸೊಂಟ.
ಸ್ನಾಯು ಸೆಳೆತ ಅಂತ ಬರೆದು, ಒಂದು ಹಾಳೆ ಮಾತ್ರೆ ಕೊಟ್ಟು
ಪಾಳಿಗೆ ಕಳಿಸಿದ್ದರು.
ಬಾಗು ಇತ್ತು.
ಗೆರೆ ಇರಲಿಲ್ಲ.
ಎರಡನ್ನೂ ಅಕ್ಕಪಕ್ಕ ಇಟ್ಟು, ತಾರೀಖು ಕಾಣುವ ಹಾಗೆ,
ಒಟ್ಟಿಗೇ ಕಳಿಸಿದೆ.

ಗಾಲಿಕುರ್ಚಿ ಬಂತು. ಡಾಕ್ಟರು ಹೇಳುವವರೆಗೆ ಕಾಲು ಊರಬೇಡ ಅಂದೆ.
ಅವನು ತೆರೆಯನ್ನೇ ನೋಡುತ್ತಿದ್ದ.
"ಇದೇನ್ರಿ, ಈ ಓರೀದು?"
ಕತ್ತು.
"ತಲಿ ಬಗ್ಗಿಸೂದು ಅಲ್ಲೀತನಕ ಮುಟ್ಟೇತೇನ್ರಿ?"

ಕೂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ
ಮಡಿಲಲ್ಲಿ ಇಟ್ಟುಕೊಂಡ, ಫೋಟೋಗೆ ಕೂತ ಹುಡುಗನಂತೆ.
ಬಾಗಿಲು ದಾಟುವಾಗ ಏನೋ ನೆನಪಾಗಿ
ಕುತ್ತಿಗೆಯ ಸೀಟಿ ಬಿಚ್ಚಿ, ಬಟ್ಟೆಗೆ ಒರೆಸಿ,
ಹಾಳೆ ಹಿಡಿದವನ ಕೈಗೆ ಕೊಟ್ಟು ಹಿಂದಿಯಲ್ಲಿ ಅಂದ:
ಇದು ಇಲ್ಲಿಯದು, ಸಾಬ್.