ಮೂರರ ಹತ್ತಿರ

ರಿಬಂದರದ ಧಕ್ಕೆಯಿಂದ ಚೊಡಣಕ್ಕೆ
ಫೆರಿಯಲ್ಲಿ ಎಂಟು ನಿಮಿಷ, ಇಳಿತವಿದ್ದರೆ ಒಂಬತ್ತು.
ಒಂದು ಲೆಕ್ಕಕ್ಕೆ ಅಷ್ಟು ಸಾಕು.

ಇನಾಸ್ ಹಗ್ಗ ಬಿಚ್ಚಿ, ಸರಪಳಿ ಜಗ್ಗಿ,
ಮುಂದಿನ ಕಬ್ಬಿಣದ ಹಲಗೆ ಎತ್ತಿ ನಿಲ್ಲಿಸಿದನೆಂದರೆ
ಅದೇ ನಮ್ಮ ಕರಿಹಲಗೆ.
ಹನ್ನೆರಡನೆಯ ಗಣಿತದಲ್ಲಿ ಎರಡು ಸಲ ಮುಗ್ಗರಿಸಿದ ಹುಡುಗ ಅವನು,
ಆಚೆ ದಡದ ಶಾಲೆಗೆ ಹೋಗುವ ಹುಬ್ಬಳ್ಳಿಯ ಟೀಚರು ನಾನು.
ನನ್ನ ಕೊಂಕಣಿಗೆ ಅವನು ನಗುತ್ತಾನೆ,
ಅವನ ಭಾಗಾಕಾರಕ್ಕೆ ನಾನು.

ಸೀಮೆಸುಣ್ಣದಲ್ಲಿ ಇವತ್ತು ಸೀಮೆಯದೇ ಪಾಠ:
ಎಕ್ಸ್‌ನ ವರ್ಗದಲ್ಲಿ ಒಂಬತ್ತು ಕಳೆ,
ಎಕ್ಸ್‌ನಲ್ಲಿ ಮೂರು ಕಳೆದು ಅದರಿಂದ ಭಾಗಿಸು,
ಎಕ್ಸ್ ಮೂರರ ಕಡೆ ಹೊರಟಿದೆ.

ಅವನಿಗೆ ಹೊರಡುವ ತಾಳ್ಮೆಯಿಲ್ಲ, ನೆಟ್ಟಗೆ ಮೂರಕ್ಕೇ ಹಾರಿದ,
ದಡ ತಾಗುವ ಮೊದಲೇ ಹಾರುವ ಮೀನಿನ ಹೆಂಗಸರ ಹಾಗೆ.
ಮೇಲೆ ಸೊನ್ನೆ, ಕೆಳಗೆ ಸೊನ್ನೆ, ನಡುವೆ ಗೆರೆ.
"ಟೀಚರ್, ಉತ್ತರ ನೀರಿಗೆ ಬಿತ್ತು."

ಬೀಳಲಿ. ಮೂರಕ್ಕೆ ಹೋಗು ಅಂದವರು ಯಾರು?
ಹತ್ತಿರ ಹೋಗು ಅಂದೆ.
ಎರಡು ಪಾಯಿಂಟ್ ಒಂಬತ್ತು ಇಡು, ಐದು ಪಾಯಿಂಟ್ ಒಂಬತ್ತು.
ಇನ್ನೊಂದು ಒಂಬತ್ತು ಸೇರಿಸು, ಅಲ್ಲೂ ಇನ್ನೊಂದು ಒಂಬತ್ತು.
ಈಗ ಆಚೆ ದಡದಿಂದ ಬಾ: ಮೂರು ಪಾಯಿಂಟ್ ಸೊನ್ನೆ ಒಂದು...
ಅವನ ತುಟಿ ಅಲುಗಿತು. ಆರು.
ಅಲ್ಲಿ ಯಾರೂ ಇಲ್ಲದಿದ್ದರೂ
ಎರಡೂ ದಡದವರು ಬೆರಳು ಮಾಡುತ್ತಿದ್ದುದು ಆರಕ್ಕೇ.

ಇನ್ನು ಅಪವರ್ತಿಸಿ ಹೊಡೆದುಹಾಕುವ ಕೆಲಸ.
ಮೇಲಿನದಕ್ಕೆ ಅಡ್ಡಗೆರೆ ಬಿತ್ತು. ಕೆಳಗಿನದಕ್ಕೆ ಕೈ ತಡೆಯಿತು.
"ಸೊನ್ನೆಯಿಂದ ಭಾಗಿಸಬಾರದು ಅಂತ ಏಳನೇ ಕ್ಲಾಸಿನಲ್ಲೇ ಹೊಡೆಸಿಕೊಂಡಿದ್ದೇನೆ."
ಅದು ಸೊನ್ನೆಯಲ್ಲ ತಮ್ಮಾ, ಸೊನ್ನೆಗೆ ಕೂದಲೆಳೆ ಈಚೆ.
ಮುಟ್ಟಿಲ್ಲ, ಅದಕ್ಕೇ ಅಳಿಸುವ ಪರವಾನಗಿ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ
ಅಂತ ನಮ್ಮ ಕಡೆ ಹಣೆ ಚಚ್ಚಿಕೊಳ್ಳುತ್ತಾರೆ;
ಇಲ್ಲಿ ತುತ್ತು ಬಾಯಿಗೆ ಬರದೆಯೇ ರುಚಿ ಹೇಳಬೇಕು.

ಆಮೇಲೆ ಚಿತ್ರ. ಓರೆಯಾಗಿ ಏರುವ ಗೆರೆ,
ಮೂರರ ನೆತ್ತಿಯಲ್ಲಿ ಗೊಂಬೆಯ ಬಳೆಯಷ್ಟು ತೂತು.
ಒಂದು ಚುಕ್ಕೆ ಇಟ್ಟರೆ ಸಾಕು, ಅಂದೆ,
ಅವಿಚ್ಛಿನ್ನ. ಪೆನ್ನು ಎತ್ತದೆ ಆ ಕಡೆಗೆ ದಾಟಬಹುದು.

ಇನಾಸ್ ಮಾತಾಡಲಿಲ್ಲ.
ಹೊಳೆಯ ಮೇಲ್ಗಡೆ, ಕಾಂಡ್ಲಾ ಪೊದೆಗಳ ಹತ್ತಿರ,
ಹೋದ ವಾರ ಯಾರೋ ಅಳೆದು ಕೆಂಪು ಬಾವುಟ ನೆಟ್ಟಿದ್ದಾರೆ.
ಸೇತುವೆಯಂತೆ.
ಪ್ರತಿ ಚುನಾವಣೆಗೂ "ಅಂತೆ" ಇದ್ದದ್ದೇ,
ಬಾವುಟ ಇದೇ ಮೊದಲು.

"ಅದು ಹಾಗೇ ಇರಲಿ ಟೀಚರ್," ಅಂದ. "ಚುಕ್ಕೆ ಬೇಡ."

ಎಂಜಿನ್ ದನಿ ತಗ್ಗಿತು. ಸ್ಕೂಟರುಗಳು ಕೆಮ್ಮಿ ಎದ್ದವು.
ಇನಾಸ್ ನೀರಿನತ್ತ ಬಾಗಿ, ಅವನ ಭಾಷೆಯಲ್ಲೇ ಏನೋ ಎಣಿಸುತ್ತಿದ್ದ,
ನಾನು ನನ್ನದರಲ್ಲಿ:
ಒಂದು ಮಾರು.
ಒಂದು ಮೊಳ.
ಒಂದು ಗೇಣು.
ಚೋಟು.
ಅಲ್ಲಿಗೆ ಅವನು ಸರಪಳಿ ಬಿಟ್ಟ.

ಹಲಗೆ ದಡಕ್ಕೆ ಅಪ್ಪಳಿಸಿತು, ಲೆಕ್ಕ ಮೇಲ್ಮುಖವಾಗಿ.
ಮೊದಲ ಟೈರಿಗೆ ಛೇದ ಹೋಯಿತು,
ಬಂಗಡೆ ಬುಟ್ಟಿಯವಳ ಒದ್ದೆ ಹಿಮ್ಮಡಿಗೆ ಬಳೆ.
ಆರು ಮಾತ್ರ ನನ್ನ ಸೀರೆಯಂಚಿಗೆ ಅಂಟಿ
ಶಾಲೆವರೆಗೂ ಬಂತು, ತಲೆಕೆಳಗಾಗಿ,
ಒಂಬತ್ತರ ಹಾಗೆ ಕಾಣುತ್ತಾ.